ಬಾಗಿಲಲ್ಲಿ ಹೇಳುವ ಹೆಸರು

"ಇವ್ರ ಹೆಸರು ಹೇಳ್ರಿ ಅಮ್ಮಾ," ಎಂದು ಶೈಲಶ್ರೀ ಮತ್ತೊಮ್ಮೆ ಕೇಳಿದಳು. ಲಕ್ವ ಹೊಡೆದ ಮೇಲೆ ನಿಂಗಕ್ಕನಿಗೆ ನಡಿಗೆ, ಮಾತು ರೂಢಿ ಮಾಡಿಸಲು ಆಸ್ಪತ್ರೆಯಿಂದ ಬರುತ್ತಿದ್ದ ಹುಡುಗಿ ಅವಳು. ಅವಳ ಕೈ ಎದುರಿಗೆ ಕುಳಿತ ಪಕ್ಕೀರಪ್ಪನ ಕಡೆಗಿತ್ತು. ನಿಂಗಕ್ಕ ಗಂಡನನ್ನು ಒಮ್ಮೆ ನೋಡಿ ಗೋಡೆಯತ್ತ ಮುಖ ತಿರುಗಿಸಿಕೊಂಡಳು. ನೀರು, ಅನ್ನ, ಸೊಸೆಯ ಹೆಸರು, ಎಲ್ಲವೂ ತಡವರಿಸುತ್ತಲಾದರೂ ಬಂದಿದ್ದವು. ಇದೊಂದೇ ಬರಲಿಲ್ಲ.

ನಿಂಗಕ್ಕನ ಹಳೆಯ ಗೆಳತಿ ಜಂಬಮ್ಮ ಇದನ್ನೆಲ್ಲ ನೋಡುತ್ತ ಕುಳಿತಿದ್ದಳು. ಬೆಳಿಗ್ಗೆ ಕಂಪ್ಲಿಯಲ್ಲಿ ಬಸ್ಸು ಹತ್ತಿ, ಹೊಸಪೇಟೆ, ಸಂಡೂರು ದಾಟಿ ಯಶವಂತನಗರಕ್ಕೆ ಆಗಷ್ಟೇ ಬಂದಿಳಿದಿದ್ದಳು. ತೊಡೆಯ ಮೇಲಿನ ಕೈಚೀಲ ಇನ್ನೂ ಅಲ್ಲೇ ಇತ್ತು. ಗೆಳತಿ ತನ್ನನ್ನು ಕಂಡು ಅರ್ಧ ಬಾಯಲ್ಲಿ ನಕ್ಕಿದ್ದಳು. ಅದು ಗುರುತಿನ ನಗೆಯೋ, ಬಂದವರಿಗೆಲ್ಲ ನಗುವ ನಗೆಯೋ ತಿಳಿದಿರಲಿಲ್ಲ.

ಹುಡುಗಿ ಹೋದ ಮೇಲೆ ಪಕ್ಕೀರಪ್ಪ ಅಂಗಳಕ್ಕೆ ಬಂದು ದನಿ ತಗ್ಗಿಸಿದ.

"ನಾಚಿಕಿ ಪಟ್ಟು ಹೇಳವಲ್ಲಳೋ, ನನ್ನ ಮರ್ತೇ ಬಿಟ್ಟಾಳೋ, ಒಂದೂ ತಿಳಿವಲ್ದು ಜಂಬಕ್ಕಾ. ಮೊದ್ಲಾದ್ರೂ ಎಂದಾರ ನನ್ನ ಹೆಸರು ಹಿಡದು ಕರದಾಳೇನು, ಈಗ ಗೊತ್ತಾಗಾಕ?"

"ಮಾರಿ ನೋಡಿದ್ರ ತಿಳಿಯಂಗಿಲ್ಲೇನ್ರಿ ಅಣ್ಣಾರ?"

"ಡಾಕ್ಟ್ರನ್ನೂ ಹಂಗ ನೋಡ್ತಾಳ್ರಿ," ಎಂದ. ಒಂದು ಕಾಲಕ್ಕೆ ಅದಿರಿನ ಲಾರಿ ಓಡಿಸುತ್ತ ಘಾಟಿನ ತಿರುವುಗಳಿಗೆ ಹೆದರದ ಮನುಷ್ಯ. ಈಗ ಹೆಗಲ ಮೇಲಿನ ಟವೆಲಿನ ತುದಿಯನ್ನು ಹಿಂಡುತ್ತ ನಿಂತಿದ್ದ. "ನೀವೊಮ್ಮೆ ಕೇಳಿ ನೋಡ್ರಿ. ಮರ್ತಿದ್ರ ಮರ್ತಾಳ. ಗೊತ್ತಾದ್ರ ಸಾಕು."

ಅದೇ ಲಾರಿಯಲ್ಲಿ ಗೆಳತಿಯರಿಬ್ಬರೂ ಎಷ್ಟು ಮದುವೆಗಳಿಗೆ ಹೋಗಿಲ್ಲ! ಸೋಬಾನೆಗೆ ಜಂಬಮ್ಮ ಮುಂದೆ ಹೇಳಬೇಕು, ನಿಂಗಕ್ಕ ಎತ್ತಿಕೊಳ್ಳಬೇಕು. ಅವರ ಜೋಡಿ ಇಲ್ಲದೆ ಮದುಮಕ್ಕಳಿಗೆ ಸುರಿಗೆಯ ಸ್ನಾನದ ನೀರು ಹಾಕಿಸಬಾರದೆಂದು ಕೆಲವು ಮನೆಯವರು ಹಟ ಹಿಡಿಯುತ್ತಿದ್ದರು. ಹಂಪಿಯ ಒಂದು ಮದುವೆಯಲ್ಲಿ ಬೀಗರ ಮೀಸೆಯನ್ನು ನಿಂಗಕ್ಕ ಹಾಡಿನಲ್ಲೇ ಬೋಳಿಸಿದ್ದಳು. ಬೀಗರು ಸಿಟ್ಟಾಗಿ ಎಲೆ ಮುಂದಿನಿಂದ ಎದ್ದರೆ, ಅವರ ಹೆಂಡತಿಯೇ ಬಿದ್ದು ಬಿದ್ದು ನಕ್ಕು ಇನ್ನೊಂದು ನುಡಿ ಹೇಳಿಸಿದ್ದಳು. ತಿರುಗಿ ಬರುವಾಗ ಪಕ್ಕೀರಪ್ಪ ಸ್ಟೀರಿಂಗಿನ ಮೇಲೆ ತಾಳ ಹಾಕಿದರೆ ಇಬ್ಬರೂ ಊರು ಬರುವ ತನಕ ಬಾಯಿ ಮುಚ್ಚುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ಜಂಬಮ್ಮನ ಗಂಡ ತೀರಿಕೊಂಡ. ಮುತ್ತೈದೆಯರು ಹಾಡುವ ಕಡೆಗೆ ಅವಳನ್ನು ಆಮೇಲೆ ಯಾರೂ ಕರೆಯಲಿಲ್ಲ. ಬೇಡವೆಂದು ಬಾಯಿಬಿಟ್ಟು ಹೇಳಿದವರೂ ಇಲ್ಲ, ಸುಮ್ಮನೆ ಕರೆಯಲಿಲ್ಲ, ಅಷ್ಟೆ. ಜೋಡಿ ಇಲ್ಲದೆ ತಾನೂ ಹಾಡುವುದಿಲ್ಲವೆಂದು ನಿಂಗಕ್ಕ ಮನೆಯಲ್ಲೇ ಕುಳಿತಳು. ಜಂಬಮ್ಮನಿಗೆ ಆ ಕರೆ ಬಾರದ್ದು ಬಹಳ ನೋವಾಗಿತ್ತು. ಗೆಳತಿ ಹಾಡು ಬಿಟ್ಟದ್ದು ಅದಕ್ಕಿಂತ ಹೆಚ್ಚು ನೋವಾಗಿತ್ತು.

ಜಂಬಮ್ಮ ಒಳಗೆ ಹೋಗಿ ನಿಂಗಕ್ಕನ ತೋಳು ಹಿಡಿದಳು. "ಏಳ ನಿಂಗಿ, ಹೊರಗ ಬಿಸಲಾಗ ಕುಂದ್ರೋಣು."

ಅಂಗಳದ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕುಳಿತರು. ನಿಂಗಕ್ಕ ಒಳಗೆ ಹೋಗಲು ಎದ್ದಾಗ ಪಕ್ಕೀರಪ್ಪ ಅವಳ ಬಲಗಡೆಗೆ ಆಸರೆಯಾದ. ಜಂಬಮ್ಮ ಸರಸರನೆ ಮುಂದೆ ಹೋಗಿ ಹೊಸ್ತಿಲ ಒಳಗೆ ನಿಂತು, ಬಾಗಿಲಿಗೆ ಅಡ್ಡಲಾಗಿ ಕೈ ಚಾಚಿದಳು.

"ಒಡಪು ಹಾಕಿ ಹೆಸರು ಹೇಳು. ಇಲ್ಲಾಂದ್ರ ಒಳಗ ಬಿಡಂಗಿಲ್ಲ."

ಹೊಸ ಮದುವಣಗಿತ್ತಿಯನ್ನು ಹೆಂಗಸರೆಲ್ಲ ಸೇರಿ ಬಾಗಿಲಲ್ಲಿ ತಡೆದು, ಪ್ರಾಸ ಕಟ್ಟಿ ಗಂಡನ ಹೆಸರು ಹೇಳುವ ತನಕ ಕಾಡುವುದು ಹಾಗೆಯೇ. ಬರಿಯ ಹೆಸರು ಹೇಳುವಂತಿಲ್ಲ, ಒಡಪಿನೊಳಗೆ ಹೇಳಿದರೆ ತಪ್ಪಿಲ್ಲ. ಊರಿನ ಅರ್ಧ ಗಂಡಸರ ಹೆಸರು 'ಅಪ್ಪ'ನಲ್ಲೇ ಮುಗಿಯುವುದರಿಂದ ತುಪ್ಪ, ತೆಪ್ಪಗಳಿಗೆ ಬಹಳ ಬೇಡಿಕೆ. 'ಹೊಳಿ ದಾಟಾಕ ಬೇಕು ತೆಪ್ಪ, ನನ್ನ ಚೆಲುವ ಪಕ್ಕೀರಪ್ಪ' ಎಂದು ನಿಂಗಕ್ಕನಿಗೆ ಅಂದು ಕಿವಿಯಲ್ಲಿ ಹೇಳಿಕೊಟ್ಟವಳು ಜಂಬಮ್ಮನೇ.

ನಿಂಗಕ್ಕ ಅಡ್ಡಗಟ್ಟಿದ ಕೈಯನ್ನು ನೋಡಿದಳು. ತುಟಿ ಒಂದು ಕಡೆಗೆ ಎಳೆಯಿತು.

"ಹೊ... ಹೊಳಿ," ಎಂದಳು. ನಿಂತಳು. "ದಾಟಾಕ... ತೆಪ್ಪ."

"ಹೂಂ, ಮುಂದ?"

ನಿಂಗಕ್ಕ ಗಂಡನನ್ನು ಮೇಲಿನಿಂದ ಕೆಳಗೆ ನೋಡಿದಳು. ಕಣ್ಣಿನಲ್ಲಿ ಹಳೆಯ ತುಂಟತನ ಇತ್ತು.

"ನನ್ನ... ಮುದಕ... ಪಕ್ಕೀರಪ್ಪ."

"ಮುದಕ ಅಂತೀಯೇನಲೇ!" ಎಂದು ಪಕ್ಕೀರಪ್ಪ ಬೈಯಲು ಹೋದ, ಆಗಲಿಲ್ಲ. ಟವೆಲು ಮುಖಕ್ಕೆ ಹೋಯಿತು. ಹಾಗೆ ಅಳುತ್ತಲೇ ಹೆಂಡತಿಯನ್ನು ಹೊಸ್ತಿಲು ದಾಟಿಸಿದ.

ನಿಂಗಕ್ಕನ ಊರುಗೋಲು ಕಟ್ಟೆಯ ಹತ್ತಿರವೇ ಉಳಿದಿತ್ತು. ಜಂಬಮ್ಮ ಹೋಗಿ ಅದನ್ನು ತೆಗೆದುಕೊಂಡು ಬಂದಳು. ಬಾಗಿಲಿಗೆ ಬರುವಷ್ಟರಲ್ಲಿ ನಿಂಗಕ್ಕ ತನ್ನ ಎಡಗೈಯನ್ನು ಚೌಕಟ್ಟಿಗೆ ಅಡ್ಡ ಚಾಚಿ ನಿಂತಿದ್ದಳು.

"ಹೇ...ಳು."

"ಏ, ಅವ್ರಿಗೆ ಹಂಗ ಕೇಳಬಾರದು," ಎಂದು ಪಕ್ಕೀರಪ್ಪ ಗಾಬರಿಯಾಗಿ ಅವಳ ಭುಜ ಹಿಡಿದ. "ಕೈ ತಗಿ."

ನಿಂಗಕ್ಕ ತೆಗೆಯಲಿಲ್ಲ.

ಜಂಬಮ್ಮ ಕೋಲು ಹಿಡಿದು ಹಾಗೇ ನಿಂತಳು. ಗಂಡ ಸತ್ತವಳನ್ನು ಯಾರೂ ಬಾಗಿಲಲ್ಲಿ ತಡೆಯುವುದಿಲ್ಲ, ಹೆಸರು ಕೇಳುವುದಿಲ್ಲ. ಊರಿಗೆಲ್ಲ ಒಡಪು ಕಟ್ಟಿಕೊಟ್ಟ ಬಾಯಿಗೆ ಈಗ ತುಪ್ಪವೂ ಸಿಗಲಿಲ್ಲ, ತೆಪ್ಪವೂ ಸಿಗಲಿಲ್ಲ.

"ಜಡೆಪ್ಪ," ಎಂದಳು ಕೊನೆಗೆ. ಏನೂ ಸೇರಿಸದೆ ಆ ಹೆಸರನ್ನು ಅವಳು ಹೇಳಿದ್ದು ಅದೇ ಮೊದಲು.

ನಿಂಗಕ್ಕ ತಲೆ ಅಲ್ಲಾಡಿಸಿದಳು. ಒಡಪು ಬೇಕು.

ಜಂಬಮ್ಮನಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಸೆರಗಿನಿಂದ ಮೂಗು ಒರೆಸಿಕೊಂಡು, "ತಡಿಯೇ ತಾಯಿ, ಕಟ್ಟಬೇಕಲ್ಲ," ಎಂದಳು. ಹೊಸ್ತಿಲ ಹೊರಗೆ ನಿಂತು, ತುಟಿ ಅಲುಗಿಸುತ್ತ ಒಂದೊಂದೇ ಮಾತು ಹುಡುಕತೊಡಗಿದಳು. ನಿಂಗಕ್ಕನ ಕೈ ಚೌಕಟ್ಟಿನಿಂದ ಇಳಿಯಲಿಲ್ಲ.