ಒಟ್ಟೀಲಿಯ ಕಾವಲುಗಾರ

ಗಾಳಿ ಬಂದಾಗ ತೂರಿಕೊಳ್ಳುವವರನ್ನು ಬೇಕಾದಷ್ಟು ನೋಡಿದ್ದೇನೆ. ಒಟ್ಟೀಲಿಯಂಥವಳನ್ನು ಮಾತ್ರ ನೋಡಿಲ್ಲ. ಸಾವಿರದ ಒಂಬೈನೂರ ಹದಿನೆಂಟರಲ್ಲಿ, ಮಹಾಯುದ್ಧ ಮುಗಿದ ವರ್ಷ, ಜರ್ಮನಿಯ ಕೆಮ್‌ನಿಟ್ಸ್‌ನ ನಮ್ಮ ನೂಲಿನ ಗಿರಣಿಯ ಗೇಟಿನಲ್ಲಿ ನಿಂತು ಸೋಷಲಿಸ್ಟರ ಪರ ಭಾಷಣ ಮಾಡಿದಳು. ಎರಡೇ ವರ್ಷಕ್ಕೆ ಅವರನ್ನು ದ್ರೋಹಿಗಳೆಂದು ಬೈದು ಕಮ್ಯುನಿಸ್ಟರ ಜೊತೆ ಸೇರಿದಳು. ನಾವೂ ಹಿಂದೆಯೇ ಹೋದೆವು, ವೋಟು ಹಾಕಿ ಪಾರ್ಲಿಮೆಂಟಿಗೆ ಕಳಿಸಿದೆವು. ಮೂವತ್ತೆರಡರಲ್ಲಿ ನಾಜಿಗಳ ವೇದಿಕೆ ಹತ್ತಿದಳು.

ನನ್ನ ತಮ್ಮ ಆರ್ನೋ ಹತ್ತು ವರ್ಷ ಅವಳ ಅಂಗರಕ್ಷಕನಾಗಿದ್ದ. ಅವಳಿಗೆ ಬೀಳಬೇಕಿದ್ದ ಎರಡು ಇರಿತಗಳ ಗುರುತು ಅವನ ಪಕ್ಕೆಯಲ್ಲಿತ್ತು. ಅವಳು ಪಕ್ಷ ಬಿಟ್ಟರೂ ಅವನು ನಮ್ಮಲ್ಲೇ ಉಳಿದ. ಆದರೆ ಅವಳ ಹೆಸರು ಬಂದರೆ ಮೆತ್ತಗಾಗುತ್ತಿದ್ದ. ಎಲ್ಲಿ ಅವನನ್ನೂ ಎಳೆದುಕೊಳ್ಳುತ್ತಾಳೋ ಎಂದು ನನಗೆ ಹೆದರಿಕೆ.

ಅವಳ ಸಭೆ ಮುರಿಯುವುದೆಂದು ನಮ್ಮವರು ತೀರ್ಮಾನಿಸಿದರು. ಸಭೆಗಳು ನಡೆಯುವ ಬಿಯರ್ ಅಂಗಡಿಗಳ ಪದ್ಧತಿಯೇ ಹಾಗೆ. ಗಂಡಸರು ಕುಡಿದಿಟ್ಟ ದಪ್ಪ ಗಾಜಿನ ಮಗ್‌ಗಳನ್ನು ಹೆಂಗಸರು ಮೇಜಿನ ಕೆಳಗೆ ಕೂಡಿಡುತ್ತಾರೆ. ಹೊಡೆದಾಟ ಶುರುವಾದರೆ ಅವೇ ಕಲ್ಲು. ಇದನ್ನು ನಮಗೆ ಕಲಿಸಿದವಳೂ ಒಟ್ಟೀಲಿಯೇ.

"ನೀನು ಬರಬೇಡ ಕಣೋ," ಅಂದೆ.

"ಸುಮ್ನಿರಕ್ಕ. ಬುದ್ಧಿ ಹೇಳಿ ವಾಪಸ್ ಕರ್ಕೊಂಡ್ ಬರ್ತೀನಿ."

"ಅವಳೇನು ತಪ್ಪಿಸ್ಕೊಂಡ ಹಸುನಾ, ಹಗ್ಗ ಹಾಕಿ ಎಳ್ಕೊಂಡ್ ಬರೋಕೆ?"

ಅವನು ನಕ್ಕು ಟೋಪಿ ಹಾಕಿಕೊಂಡ.

ಸಭೆಯಲ್ಲಿ ಒಟ್ಟೀಲಿ ವೇದಿಕೆ ಮೇಲಿಂದ ಬಾಯಿ ತೆರೆದವಳೇ ನಮ್ಮತ್ತ ಬೆರಳು ಮಾಡಿದಳು. "ಆ ಹೆಂಗಸ್ರ ಮೇಜಿನ ಕೆಳಗೆ ನೋಡ್ರೋ! ನಂಗೊತ್ತಿಲ್ವಾ ಇವ್ರ ಆಟ! ಎಳ್ದು ಹಾಕ್ರಿ!"

ನಾಜಿಗಳ ಕಂದು ಅಂಗಿಯ ಪಡೆಯವರು ನುಗ್ಗಿದರು. ಕುರ್ಚಿಯ ಕಾಲಿನಿಂದ ಬಡಿದು ಪಕ್ಕದ ಮಾರ್ಥಾಳ ಹಲ್ಲು ಉದುರಿಸಿದರು. ನನ್ನ ಜುಟ್ಟು ಹಿಡಿದು ನೆಲಕ್ಕೆ ಕೆಡವಿ ಹೊಟ್ಟೆಗೆ ಒದ್ದರು. ಮಗ್‌ಗಳು ಹಾರಿದವು, ಬಿಯರೂ ರಕ್ತವೂ ಬೆರೆತು ಕಾಲು ಜಾರತೊಡಗಿತು. ಆರ್ನೋ ಏಟು ತಿನ್ನುತ್ತಲೇ ವೇದಿಕೆ ಹತ್ತಿ, "ಬಾ ಒಟ್ಟೀಲಿ, ಹೋಗೋಣ," ಎಂದು ಕೂಗುತ್ತಿದ್ದ. ನನಗೆ ಕಂಡದ್ದು ಅವಳ ಹಣೆ ಮಾತ್ರ. ಪಿತ್ತ ನೆತ್ತಿಗೇರಿತ್ತು. ಕೈಗೆ ಸಿಕ್ಕ ಮಗ್ ಅನ್ನು ಇದ್ದಬದ್ದ ಬಲವೆಲ್ಲ ಹಾಕಿ ಎಸೆದೆ.

ಆರ್ನೋ ಅಡ್ಡ ಹಾರಿದ. ಯೋಚಿಸಿ ಹಾರಲಿಲ್ಲ, ಹತ್ತು ವರ್ಷ ಅವನ ಮೈಗೆ ಅದೇ ಅಭ್ಯಾಸವಾಗಿತ್ತು. ಮಗ್ ಅವನ ಕಪಾಲ ಒಡೆಯಿತು. ಯಾರು ಎಸೆದದ್ದೆಂದು ಆ ಗದ್ದಲದಲ್ಲಿ ಯಾರೂ ನೋಡಲಿಲ್ಲ.

ಅವನ ಶವಪೆಟ್ಟಿಗೆಗೆ ನಾಜಿಗಳ ಬಾವುಟ ಹೊದಿಸಿದರು. ಗುಂಡಿಯ ಪಕ್ಕ ಒಟ್ಟೀಲಿ ಗುಡುಗಿದಳು: "ನನ್ನ ಉಳಿಸೋಕೆ ಪ್ರಾಣ ಕೊಟ್ಟ! ಆರ್ನೋ ನಮ್ಮವನು!"

ಆಮೇಲೆ ನನ್ನನ್ನು ತಬ್ಬಿಕೊಂಡು ಬೆನ್ನು ಸವರಿದಳು. "ಅಳಬೇಡ ಕಣೇ ಮಿನ್ನಾ. ಕೊಂದೋರ್ನ ನಾನು ಸುಮ್ನೆ ಬಿಡಲ್ಲ."

ನಾನು ಅವಳ ಹೆಗಲಿಗೆ ಮುಖವಿಟ್ಟು ಅತ್ತೆ.