ಆರು ಕರಿ ಡಬ್ಬಿ

“ಏ, ಕೈ ತೆಗೀ ಬೋಸುಡಿ! ನಿಮ್ಮಪ್ಪ ಬಳುವಳಿ ಕೊಟ್ಟ ಗಡಿಯಾರ ಏನದು?”

ಗೌಡ ಗದರಿದ್ದಕ್ಕೆ ದೇವಕಮ್ಮ ಗಡಿಯಾರದಂಥ ಗೇಜಿನ ಮೇಲಿಂದ ಕೈ ತೆಗೆದಳು. ಮೊಳಕೈವರೆಗೂ ಪಾಚಿ ಮೆತ್ತಿದ ಕೈ. ಪಂಪುಮನೆಯ ಫಿಲ್ಟರಿನಲ್ಲಿ ಕಾಲುವೆ ನೀರು ಸೋಸುವ ಎಂಟು ಜರಡಿಗಳಿದ್ದವು. ಮಳೆಗಾಲದ ಕೆಂಪು ನೀರಿಗೆ ಅವು ನಾಲ್ಕು ತಾಸಿಗೊಮ್ಮೆ ಕಟ್ಟಿಕೊಳ್ಳುತ್ತಿದ್ದವು. ಒಳಗೆ ಕೈ ಹಾಕಿ ಸತ್ತ ಕಪ್ಪೆ, ಕೊಳೆತ ಮೀನು, ಮೇಲಿನ ಊರುಗಳು ತೊಳೆದುಬಿಟ್ಟ ಸಕಲ ಹೊಲಸನ್ನೂ ಬಾಚಿ ತೆಗೆದು, ಜರಡಿ ಉಜ್ಜಿ ಮತ್ತೆ ಕೂಡಿಸುವುದು ಮೂರು ವರ್ಷದಿಂದ ಆಕೆಯ ಕೆಲಸ. ಊರಿನ ನಾನೂರು ಎಕರೆಯ ನೀರೂ ಆಕೆಯ ಕೈ ದಾಟಿಯೇ ಹೋಗುತ್ತಿತ್ತು. ಆಕೆಗೆ ನೀರಡಿಸಿದರೆ ಮಾತ್ರ ಆಪರೇಟರ್ ಬಾಷುಮಿಯಾ ತಂಬಿಗೆ ಎತ್ತಿ ಬೊಗಸೆಗೆ ಸುರಿಯಬೇಕು. ಪಂಪುಮನೆಯ ಕೊಡ ಆಕೆ ಮುಟ್ಟಬಾರದೆಂದು ಗೌಡನ ಹುಕುಂ ಇತ್ತು.

ಗೌಡ ಎಂದರೆ ಭಾಗಣ್ಣಗೌಡ, ನೀರು ಬಳಕೆದಾರರ ಸಂಘದ ಅಧ್ಯಕ್ಷ. ಪಂಪುಮನೆಗೆ ಹತ್ತಿಕೊಂಡೇ ಅವನ ನಲವತ್ತು ಎಕರೆ ಮೆಣಸಿನಕಾಯಿ. ಪೈಪು ಹೋಗಿ ಮುಗಿಯುವ ಕಟ್ಟಕಡೆಯಲ್ಲಿ ಕೇರಿಯ ಹನ್ನೊಂದು ಮನೆಗಳ ತಲಾ ಎರಡೆಕರೆ.

“ಗೌಡ್ರ, ನಮ್ಮ ಕಡೀ ವಾಲಿನ್ಯಾಗ ಗೇಜಿನ ಮುಳ್ಳು ಏಳವಲ್ದರಿ. ನೀರಿಲ್ದ ಗಿಡ ಹೂ ಉದುರಸಾಕತ್ತಾವ.”

“ಕೇಳ್ರೆಪಾ, ಮುಳ್ಳು ಏಳವಲ್ದಂತ! ಗಂಡ ಸತ್ತಾಕಿಗೆ ಅದರದೇ ಚಿಂತಿ.”

ಗೌಡನ ಹಿಂದೆ ನಿಂತಿದ್ದ ಆಳು ಪರಮಣ್ಣ ನಕ್ಕ. ನಗುವುದೂ ಅವನ ಪಗಾರದಲ್ಲೇ ಸೇರಿತ್ತು. ಬಾಷುಮಿಯಾ ಮೋಟಾರಿನ ಕಡೆ ಮುಖ ತಿರುಗಿಸಿದ. ದೇವಕಮ್ಮ ತಲೆ ತಗ್ಗಿಸಿ ಮತ್ತೆ ಜರಡಿಗೆ ಕೈ ಹಾಕಿದಳು.

ಗೇಜಿನ ಮುಳ್ಳು ಓದುವುದನ್ನು ಆಕೆ ಭೀಮರಾಯನಗುಡಿಯಲ್ಲಿ ಎರಡು ದಿನದ ತರಬೇತಿಗೆ ಹೋಗಿ ಕಲಿತಿದ್ದಳು. ಪೈಪಿನೊಳಗೆ ನೀರಿನ ಒತ್ತಡ ಎಷ್ಟಿದೆ ಎಂದು ಅದು ಹೇಳುತ್ತದೆ. ಆ ಒತ್ತಡವನ್ನು ಹದದಲ್ಲಿಡಲು ಪ್ರತಿ ಹೊಲಕ್ಕೆ ನೀರು ಬಿಡುವ ವಾಲಿಗೂ ಒಂದು ರೆಗ್ಯುಲೇಟರ್ ಕೂಡಿಸಿದ್ದರು. ಊರವರ ಬಾಯಲ್ಲಿ ಅದು ಕರಿ ಡಬ್ಬಿ. ಹಿಂದಿನಿಂದ ನೀರು ಎಷ್ಟೇ ಜೋರಾಗಿ ನುಗ್ಗಲಿ, ಡಬ್ಬಿ ಅಳತೆ ಮೀರಿ ಬಿಡುವುದಿಲ್ಲ. ಮೇಲಿನ ಹೊಲದಲ್ಲಿ ಹಾಗೆ ಉಳಿದ ನೀರೇ ಕಡೆಯ ಹೊಲ ಮುಟ್ಟಬೇಕು. ಗೌಡನ ಆರು ವಾಲಿನ ಆರು ಡಬ್ಬಿಗಳು ಸಸಿ ಹಚ್ಚುವ ಹೊತ್ತಿಗೇ ಮಾಯವಾಗಿದ್ದವು. ಅವನ ಹೊಲದಲ್ಲಿ ನೀರು ಹನಿಯುತ್ತಿರಲಿಲ್ಲ, ಚಿಮ್ಮುತ್ತಿತ್ತು. ಸಾಲುಗಳಲ್ಲಿ ಕಪ್ಪೆ ಒದರುತ್ತಿದ್ದವು. ಇದು ಊರಿಗೆಲ್ಲ ಗೊತ್ತಿತ್ತು. ಊರಿಗೆ ಇಂಥವು ಬಹಳ ಗೊತ್ತಿರುತ್ತವೆ, ಬಾಯಿ ಬಿಡುವುದಿಲ್ಲ ಅಷ್ಟೆ.

ಬುಧವಾರ ನೀರಾವರಿ ಆಫೀಸಿನಿಂದ ಸಾಹೇಬ ಬಂದ. ಗೌಡ ಅವನನ್ನು ಸೀದಾ ಕಡೆಯ ಹೊಲಕ್ಕೇ ಕರೆತಂದ. ಅಲ್ಲಿ ಕೇರಿಯವರು ಒಂದು ತಪ್ಪು ಮಾಡಿಕೊಂಡಿದ್ದರು. ಗಿಡದ ಬುಡಕ್ಕೆ ಹನಿ ಬಿಡುವ ಡ್ರಿಪ್ಪರಿನ ತೂತು ಸಣ್ಣದು, ಅದಕ್ಕೇ ನೀರು ಬರುತ್ತಿಲ್ಲ ಎಂದುಕೊಂಡು ಜಾಲಿಮುಳ್ಳಿನಿಂದ ಚುಚ್ಚಿ ದೊಡ್ಡದು ಮಾಡಿದ್ದರು. ಹಾಗೆ ಮಾಡಿದರೆ ಇರುವ ಒತ್ತಡವೂ ಹೋಗುತ್ತದೆ. ಬೇಡ ಎಂದು ದೇವಕಮ್ಮ ಓಡಿ ಬರುವಷ್ಟರಲ್ಲಿ ಪಕ್ಕದ ಹೊಲದ ಲಾಲಮ್ಮ ಮೂರು ಸಾಲು ಚುಚ್ಚಿ ಮುಗಿಸಿ, ಮಾಡಿದ ಕೆಲಸಕ್ಕೆ ಹೆಮ್ಮೆಪಡುತ್ತ ನಿಂತಿದ್ದಳು.

ಸಾಹೇಬ ಬೂಟಿನ ತುದಿಯಿಂದ ಪೈಪು ಎತ್ತಿ ನೋಡಿದ.

“ಸರ್ಕಾರ ಪೈಪು ಕೊಟ್ಟರೆ ತೂತು ಮಾಡ್ತೀರಾ? ಇವರಿಗೆಲ್ಲ ಹನಿ ನೀರಾವರಿ ಯಾಕೆ ಗೌಡ್ರೆ? ಬುದ್ಧಿ ಬೇಕಲ್ಲ.”

“ಅದನ್ನೇ ನಾ ಬಡಕೊಳ್ಳಾಕತ್ತೀನ್ರಿ. ಈ ಸೂಳಿಮಕ್ಕಳಿಗೆ ನೀರಿನ ಬೆಲಿ ಏನ್ ಗೊತ್ತರಿ?”

ಸಾಹೇಬ ನಿಂತಲ್ಲೇ ಬರೆದ. ಕಡೆಯ ಹನ್ನೊಂದು ಹೊಲಗಳನ್ನು ಯೋಜನೆಯಿಂದ ಕೈಬಿಡುವುದು, ಆ ನೀರನ್ನು ಮಿತವಾಗಿ ಬಳಸುವ ರೈತರಿಗೆ ಕೊಡುವುದು. ಮಿತವಾಗಿ ಬಳಸುವ ರೈತ ಪಕ್ಕದಲ್ಲೇ ಎಳನೀರು ಹಿಡಿದು ನಿಂತಿದ್ದ. ಸೋಮವಾರದ ಸಂಘದ ಸಭೆಯಲ್ಲಿ ಅಧ್ಯಕ್ಷರ ಸಹಿ ಬಿದ್ದರೆ ಮುಗಿಯಿತು ಎಂದು ಹೇಳಿ ಸಾಹೇಬ ಕಾಗದವನ್ನು ಗೌಡನ ಕೈಗಿಟ್ಟ.

ಈ ಸಲ ದೇವಕಮ್ಮ ತಲೆ ತಗ್ಗಿಸಲಿಲ್ಲ.

“ಸಾಹೇಬ್ರ, ಚುಚ್ಚಿದ್ದು ಖರೆ, ತಪ್ಪು ನಮ್ಮದೇ. ಆದ್ರ ಒಂದು ಗೇಜು ಒಯ್ದು ಗೌಡ್ರ ವಾಲಿಗೂ ಒಮ್ಮಿ ಹಚ್ಚಿ ನೋಡ್ರಿ. ಡಬ್ಬಿ ಅದಾವೋ ಇಲ್ಲೋ ಮುಳ್ಳೇ ಹೇಳ್ತದ.”

“ನನ್ನ ಹೊಲದಾಗ ಕಾಲಿಡು, ಕಾಲು ಕಡದು ಕಾಲುವಿಗೆ ಒಗೀತೀನಿ,” ಎಂದ ಗೌಡ.

ಸಾಹೇಬನಿಗೆ ತಟ್ಟನೆ ಸುರಪುರದ ಮೀಟಿಂಗ್ ನೆನಪಾಯಿತು. ಜೀಪು ಹೋದ ಮೇಲೆ ಲಾಲಮ್ಮ ಬದುವಿನ ಮೇಲೆ ಕುಸಿದು ಕೂತು, “ನಾನೇ ಕೆಡಿಸಿದ್ನೆವ್ವಾ, ಎಲ್ಲಾರ ಹೊಲ ನಾನೇ ಕಳದೆ,” ಎಂದು ಎದೆ ಬಡಿದುಕೊಂಡಳು.

“ಅಳಬ್ಯಾಡ ಏಳ,” ಎಂದಳು ದೇವಕಮ್ಮ. “ನಾಳಿಂದ ನಾ ಜರಡಿ ತೊಳ್ಯಂಗಿಲ್ಲ.”

ಹೇಳಿದಂತೆಯೇ ಮಾಡಿದಳು. ಬೆಳಿಗ್ಗೆ ಬಂದು ಫಿಲ್ಟರಿನ ಪಕ್ಕದ ಕಟ್ಟೆಯ ಮೇಲೆ ಎಲೆಯಡಿಕೆ ಹಾಕಿಕೊಂಡು ಕೂತಳು. ಫಿಲ್ಟರಿನ ಹಿಂದಿನ ಗೇಜು ಏರತೊಡಗಿತು, ಮುಂದಿನದು ಇಳಿಯತೊಡಗಿತು. ಬಾಷುಮಿಯಾ ಒಮ್ಮೆ ಅದನ್ನು ನೋಡಿದ, ಒಮ್ಮೆ ಇದನ್ನು ನೋಡಿದ.

“ಅಕ್ಕಾ, ನಿನ್ನ ಕಾಲು ಬೀಳ್ತೀನಿ, ತೊಳಿ. ನನ್ನ ನೌಕರಿ ಹೋಗ್ತದ.”

“ನೀ ಮೋಟಾರು ಚಾಲೂ ಮಾಡೋ ನೌಕರ ಬಾಷಣ್ಣ. ಮಾಡೀಯಲ್ಲ? ಸುಮ್ಕ ಕುಂದರು.”

ಮಧ್ಯಾಹ್ನಕ್ಕೆ ಗೌಡನ ಹೊಲಕ್ಕೂ ನೀರು ಬರುವುದು ನಿಂತಿತು. ಗೌಡ ಬುಲೆಟ್ ಹತ್ತಿ ಬಂದ, ಹಿಂದೆ ಪರಮಣ್ಣ.

“ತೊಳಿಯೇ ರಂಡಿ!”

“ಆರು ಡಬ್ಬಿ ಹಚ್ಚಸ್ರಿ. ನಮ್ಮ ಹೊಲದ ಕಾಗದ ಹರದು ಒಗೀರಿ. ತೊಳೀತೀನಿ.”

ಗೌಡ ಪರಮಣ್ಣನ ಕುತ್ತಿಗೆಗೆ ಕೈಹಾಕಿ ಫಿಲ್ಟರಿನ ಕಡೆ ದೂಡಿದ. ಪರಮಣ್ಣ ಮುಚ್ಚಳ ಎತ್ತಿದ, ಒಳಗೆ ನೋಡಿದ, ಹಿಂದೆ ಸರಿದು ವಾಂತಿ ಮಾಡಿಕೊಂಡ.

“ನಮ್ಮ ಮನಿತನದಾಗ ಇಂಥಾದ್ದು ಯಾರೂ ಮುಟ್ಟಿಲ್ರಿ ಗೌಡ್ರ.”

“ಹಂಗಾರ ಕಿತ್ತೊಗಿ ಆ ಜರಡೀನ! ಇಕಿ ತೊಳೀದಿದ್ರ ನೀರು ಹರಿಯಂಗಿಲ್ಲೇನ? ಸೋಸೋದೂ ಬ್ಯಾಡ ಮಣ್ಣೂ ಬ್ಯಾಡ, ಹಂಗೇ ಬಿಡು.”

“ಬ್ಯಾಡ್ರಿ ಗೌಡ್ರ,” ಎಂದಳು ದೇವಕಮ್ಮ. ಹಗೆಯಿದ್ದರೂ ಕೆಲಸ ಕೆಡುವುದನ್ನು ನೋಡಲು ಆಕೆಗೆ ಆಗುತ್ತಿರಲಿಲ್ಲ. “ಕೆಂಪು ನೀರದ. ಡ್ರಿಪ್ಪರಿನ್ಯಾಗ ಮಣ್ಣು ಕುಂತ್ರ ಒಂದೊಂದೂ ಬಿಚ್ಚಿ ತೊಳೀಬೇಕಾಗ್ತದ. ಆಮ್ಯಾಲ ಹೇಳಲಿಲ್ಲ ಅನ್ನಬ್ಯಾಡ್ರಿ.”

ಗೌಡ ಕಾಲಿನ ಚಪ್ಪಲಿ ತೆಗೆದು ಬೀಸಿದ. ಅದು ಆಕೆಯ ಭುಜಕ್ಕೆ ಬಡಿದು ಕೆಳಗೆ ಬಿತ್ತು. ದೇವಕಮ್ಮ ಎದ್ದು ಅದನ್ನು ಎತ್ತಿಕೊಂಡಳು, ಧೂಳು ಝಾಡಿಸಿದಳು, ನಾಲ್ಕು ಹೆಜ್ಜೆ ನಡೆದು ಕಾಲುವೆಗೆ ಬಿಟ್ಟಳು. ಚಪ್ಪಲಿ ಕೆಂಪು ನೀರಿನಲ್ಲಿ ಗಿರಗಿರ ತಿರುಗುತ್ತ ಕೆಳಗಿನ ಊರಿನ ದಾರಿ ಹಿಡಿಯಿತು. ಗೌಡ ಒಂದೇ ಚಪ್ಪಲಿಯಲ್ಲಿ ನಿಂತಿದ್ದ. ಆಕೆ ತಿರುಗಿಯೂ ನೋಡದೆ ಕೇರಿಯ ಕಡೆ ನಡೆದಳು. ಮೂರು ವರ್ಷದಲ್ಲಿ ಅಷ್ಟು ಹಗುರಾಗಿ ಆಕೆ ಆ ದಾರಿಯಲ್ಲಿ ನಡೆದಿರಲಿಲ್ಲ.

ಪರಮಣ್ಣ ಮೂಗಿಗೆ ಟವೆಲ್ ಕಟ್ಟಿಕೊಂಡು ಕೊಕ್ಕೆಯಿಂದ ಎಂಟೂ ಜರಡಿ ಎಳೆದು ಹೊರಗೆ ಹಾಕಿದ. ನಡುವಿನ ರೈತರು ಪೈಪಿನಲ್ಲಿ ಕೆಂಪು ನೀರು ಕಂಡದ್ದೇ ತಮ್ಮ ವಾಲು ಬಂದ್ ಮಾಡಿಕೊಂಡರು. ಹಠದ ಗೌಡ ಮಾತ್ರ ತನ್ನ ಆರೂ ವಾಲು ಪೂರಾ ತೆರೆಸಿದ. ಶನಿವಾರಕ್ಕೆ ಅವನ ನಲವತ್ತು ಎಕರೆಯಲ್ಲಿ ಹನಿ ಉದುರಿಸುವ ಡ್ರಿಪ್ಪರ್ ಹುಡುಕಿದರೂ ಸಿಗದಂತಾಯಿತು.

ಸಾವಿರಾರು ಡ್ರಿಪ್ಪರುಗಳನ್ನು ಬಿಚ್ಚಿ ಸೂಜಿಯಿಂದ ಮಣ್ಣು ತೆಗೆಯುವವರು ಯಾರು? ಅವನ ಹೊಲದ ಕಳೆ ಕೀಳುವವರೂ ಕಾಯಿ ಬಿಡಿಸುವವರೂ ಕೇರಿಯ ಹೆಂಗಸರೇ. ಪರಮಣ್ಣ ಮನೆಮನೆಗೆ ಹೋಗಿ ಕೂಗಿದ. ಹೆಂಗಸರೆಲ್ಲ ಸಮುದಾಯ ಭವನದ ಕಟ್ಟೆಯ ಮೇಲೆ ಕೂತಿದ್ದರು. ಒಬ್ಬಳೂ ಅಲುಗಲಿಲ್ಲ. ಅವರ ಹೊಲಗಳಲ್ಲೂ ಗಿಡ ಬಾಡುತ್ತಿತ್ತು, ಅದು ಅಲ್ಲಿಂದಲೇ ಕಾಣುತ್ತಿತ್ತು.

ಭಾನುವಾರ ಬೆಳಿಗ್ಗೆ ಪರಮಣ್ಣ ಗೊಬ್ಬರದ ಚೀಲವೊಂದನ್ನು ಹೊತ್ತು ತಂದು ಕಟ್ಟೆಯ ಮುಂದೆ ಇಳಿಸಿದ.

“ಗೌಡ್ರು ಕೊಟ್ಟು ಕಳಿಸ್ಯಾರ, ದೇವಕಮ್ಮಾ. ನಿಮ್ಮ ಹೊಲದ ಕಾಗದಾನೂ ಹರದು ಇದರಾಗೇ ಹಾಕ್ಯಾರ. ಇನ್ನ ಏಳ್ರಿ, ನಡೀರಿ.”

ಚೀಲ ಸುರಿದರು. ಕಾಗದದ ಚೂರುಗಳೊಂದಿಗೆ ಕರಿ ಡಬ್ಬಿಗಳು ಉರುಳಿದವು. ಲಾಲಮ್ಮ ಒಂದನ್ನು ಎತ್ತಿ ಎದೆಗೆ ಒತ್ತಿಕೊಂಡು ಅತ್ತೇಬಿಟ್ಟಳು. ಆಗಲೇ ನಾಲ್ಕೈದು ಮಂದಿ ಸೆರಗು ಕಟ್ಟಿ ಎದ್ದಿದ್ದರು. ದೇವಕಮ್ಮ ಉಳಿದವನ್ನು ಸಾಲಾಗಿ ಇಟ್ಟಳು. ಲಾಲಮ್ಮನ ಕೈಯಲ್ಲಿದ್ದದ್ದೂ ಸೇರಿ ನಾಲ್ಕು.

“ಇನ್ನೆರಡು?”

“ಅವು ಒಡದಾವಂತ. ನಾಕರಾಗ ಮುಗಸ್ರಿ ಅಂದಾರ.”

“ನಾಕರ ಬಂದಾವಲ್ಲ, ಸಾಕ ಬಿಡಬೇ,” ಎಂದಳು ಒಬ್ಬಾಕೆ. “ನಮ್ಮ ಗಿಡ ಇನ್ನ ಎರಡು ದಿನ ತಡಿಯಂಗಿಲ್ಲ.”

ದೇವಕಮ್ಮ ಕಡೆಯ ಹೊಲದತ್ತ ನೋಡಿದಳು. ಆದರೆ ಲೆಕ್ಕ ಆಕೆಗೆ ಗೊತ್ತಿತ್ತು. ಡಬ್ಬಿಯಿಲ್ಲದ ಎರಡು ವಾಲು ಬಾಯಿ ತೆರೆದುಕೊಂಡಿದ್ದರೆ ಕಡೆಗೆ ಬರುವ ನೀರನ್ನೆಲ್ಲ ಅವೆರಡೇ ಕುಡಿದುಬಿಡುತ್ತವೆ. ಬರುವ ವರ್ಷ ಅದೇ ಬೂಟು, ಅದೇ ಬಾಡಿದ ಸಾಲು, ಹೊಸ ಕಾಗದ.

ನಾಲ್ಕೂ ಡಬ್ಬಿಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿದಳು. ಲಾಲಮ್ಮನ ಕೈಯಿಂದ ಒಂದನ್ನು ಬಿಡಿಸಿಕೊಳ್ಳಲು ಸ್ವಲ್ಪ ಎಳೆಯಬೇಕಾಯಿತು. ಬಾಯಿ ಬಿಗಿದು ಕಟ್ಟಿ, ಚೀಲವನ್ನು ತಾನೇ ಎತ್ತಿ ಪರಮಣ್ಣನ ತಲೆಯ ಮೇಲಿಟ್ಟಳು.

“ಆರು ಬಿಚ್ಚಿ ಒಯ್ದಿದ್ರು. ಆರೂ ತಗೊಂಡು ಬಾ.”

ಎದ್ದವರು ಒಬ್ಬೊಬ್ಬರಾಗಿ ಮತ್ತೆ ಕೂತರು. ಎಲ್ಲರಿಗಿಂತ ಮೊದಲು ಕೂತವಳು ಲಾಲಮ್ಮ.