ಪೆಡಲ್ ಅಕ್ಕನದು

ಡಿಜಿಟಲ್ ಪಿಯಾನೊ ಕೊಂಡವರು ತಿಂಗಳೊಪ್ಪತ್ತಿನಲ್ಲಿ ನನ್ನ ತಲೆ ತಿನ್ನಲು ಶುರು ಮಾಡುತ್ತಾರೆ. ಒಬ್ಬರಿಗೆ ಸದ್ದು ಕಿವಿಗೆ ಚುಚ್ಚುತ್ತದೆ, ಇನ್ನೊಬ್ಬರಿಗೆ ಮಂಕಾಗಿ ಕೇಳುತ್ತದೆ, ಮತ್ತೊಬ್ಬರಿಗೆ ಕೀಗಳು ಒತ್ತಲಾರದಷ್ಟು ಬಿಗಿ. ಅಂಗಡಿಯವರು ನನ್ನನ್ನು ಅಟ್ಟುತ್ತಾರೆ. ನಾನು ಫೋನನ್ನು ಪಿಯಾನೊಗೆ ಜೋಡಿಸಿ ಟಚ್ಚು, ಸುತ್ತಿಗೆಯ ಸದ್ದು, ತಂತಿಯ ಗುಂಯ್‌ಕಾರ ಎಲ್ಲವನ್ನೂ ಅವರವರ ಕಿವಿಗೆ ಬೆರಳಿಗೆ ಹೊಂದಿಸಿ ಬರುತ್ತೇನೆ. ಒಳಗೆ ತಂತಿಯೂ ಇರುವುದಿಲ್ಲ, ಅದನ್ನು ಬಡಿಯುವ ಸುತ್ತಿಗೆಯೂ ಇರುವುದಿಲ್ಲ. ಇಲ್ಲದ್ದನ್ನು ಇದ್ದ ಹಾಗೆ ಕೇಳಿಸುವುದೇ ನನ್ನ ಹೊಟ್ಟೆಪಾಡು.

ಮೂರನೇ ಮಹಡಿಯ ಆ ವಯಸ್ಸಾದ ಹೆಂಗಸು ಎರಡನೇ ಸಲ ಕರೆಸಿದಾಗ ನನಗೆ ಸಿಟ್ಟು ಬಂದಿತ್ತು. ಆಕೆ ಮತ್ತು ಆಕೆಯ ಅಕ್ಕ ಮದುವೆಯಾಗದೆ ಒಂದೇ ಮನೆಯಲ್ಲಿದ್ದವರು. ಚಿಕ್ಕಂದಿನಿಂದ ಒಂದೇ ಬೆಂಚಿನ ಮೇಲೆ ಕೂತು ಒಂದೇ ಪಿಯಾನೊ ಬಾರಿಸಿದವರು. ಅಕ್ಕ ಎಡಗಡೆ, ತಂಗಿ ಬಲಗಡೆ. ಬೀದಿಯವರು ಅವರನ್ನು ಜೋಡೆತ್ತು ಎಂದೇ ಕರೆಯುತ್ತಿದ್ದರಂತೆ. ಅಕ್ಕ ತೀರಿಕೊಂಡರು. ಹಳೆಯ ಮರದ ಪಿಯಾನೊ ಗೆದ್ದಲು ಹಿಡಿದು ಅದಕ್ಕೂ ಮೊದಲೇ ಹೋಗಿತ್ತು. ಈ ಡಿಜಿಟಲ್ ಪಿಯಾನೊ ಅಕ್ಕ ಹೋದ ಮೇಲೆ ತಂಗಿ ಕೊಂಡದ್ದು.

ಮೊದಲ ಸಲ ಆಕೆ ಕೇಳಿದ್ದು ವಿಚಿತ್ರವಾಗಿತ್ತು. ಎಡಗಡೆಯ ಅರ್ಧ ಅಕ್ಕನ ಕೈಯಂತೆ ಗಟ್ಟಿಯಾಗಿ, ದಪ್ಪಗೆ ಕೇಳಬೇಕು. ಬಲಗಡೆಯ ಅರ್ಧ ತನ್ನ ಗಂಟು ನೋವಿನ ಬೆರಳಿಗೆ ಹಗುರವಾಗಬೇಕು. ಮಾಡಿಕೊಟ್ಟೆ. ಬಲಗಡೆಯನ್ನು ಇನ್ನೂ ಹಗುರ ಮಾಡಿ ಎಂದಾಗ, "ಸಾಕಮ್ಮಾ, ಇನ್ನು ಉಸಿರು ತಾಕಿದ್ರೂ ಬಾರಿಸುತ್ತೆ" ಎಂದು ನಕ್ಕಿದ್ದೆ.

ಈ ಸಲ ಬಾಗಿಲು ತೆಗೆದವಳೇ ಹೇಳಿದಳು, "ಸ್ವರ ಸಾಯ್ತಾ ಇದೆ ಕಣಪ್ಪಾ. ಬೆರಳು ಎತ್ತಿದ ತಕ್ಷಣ ಸತ್ತುಹೋಗುತ್ತೆ. ಅಕ್ಕ ಇದ್ದಾಗ ನಿಲ್ತಾ ಇತ್ತು."

ಅದೇ ಹಳೆಯ ಬೆಂಚಿನ ಮೇಲೆ ನನ್ನನ್ನು ಕೂರಲು ಬಿಡಲಿಲ್ಲ. ಅದರ ಎಡಭಾಗದ ಚರ್ಮ ಕುಳಿಬಿದ್ದಿತ್ತು, ಈಗಷ್ಟೇ ಯಾರೋ ಎದ್ದು ಹೋದ ಹಾಗೆ. ಅಕ್ಕನ ಕನ್ನಡಕ ಪಿಯಾನೊ ಮೇಲೆ ಮಡಚದೆ ಕೂತಿತ್ತು. ಬೆಂಚನ್ನು ಸರಿಸಿ, ಊಟದ ಮೇಜಿನ ಕುರ್ಚಿ ಎಳೆದುಕೊಂಡು ನಾನು ಬಾರಿಸಿದೆ. ಸ್ವರ ಚೆನ್ನಾಗಿಯೇ ನಿಂತಿತು. ಆಕೆ ಬಾರಿಸಿದಾಗ ಮಾತ್ರ ಒಂದೊಂದು ಸ್ವರವೂ ಒಣ ಕಡ್ಡಿಯ ಹಾಗೆ ಮುರಿಯುತ್ತಿತ್ತು. ಗುಂಯ್‌ಕಾರ ಹೆಚ್ಚಿಸಿದೆ. ದೊಡ್ಡ ಸಭಾಂಗಣದ ಸದ್ದು ಹಾಕಿದೆ. ಆಕೆ ಇಲ್ಲವೆಂದು ತಲೆಯಾಡಿಸುತ್ತಲೇ ಇದ್ದಳು.

"ಇವತ್ತು ಸರಿಹೋಗ್ಲಿಲ್ಲ ಅಂದ್ರೆ ತಗೊಂಡು ಹೋಗಿಬಿಡಿ. ನಾನಿನ್ನು ಬಾರಿಸೋದಿಲ್ಲ," ಎಂದಳು. "ಅವಳ ಜೊತೆ ಇರೋದಕ್ಕೆ ನನಗೆ ಇದ್ದಿದ್ದು ಇದೊಂದೇ. ಮಾತಿನಲ್ಲಿ ನಮಗೆ ಯಾವತ್ತೂ ಆಗ್ತಾ ಇರ್ಲಿಲ್ಲ. ಬಾರಿಸುವಾಗ ನಾನು ಓಡೋಳು. ಅವಳು 'ನಿಧಾನ, ಪುಟ್ಟಿ' ಅನ್ನೋಳು. ಅಷ್ಟೇ ನಮ್ಮ ಮಾತು."

ಕೆಳಗೆ ಯಾವುದೋ ವೈರು ಸಡಿಲವಾಗಿರಬಹುದೆಂದು ಬೆನ್ನು ಹಿಡಿದುಕೊಂಡು ಪಿಯಾನೊದ ಕೆಳಗೆ ನುಸುಳಿದೆ. ಮೇಲೆ ಆಕೆ ಬಾರಿಸುತ್ತಲೇ ಇದ್ದಳು. ಆಕೆಯ ಪಾದಗಳು ಬೆಂಚಿನ ಬಲತುದಿಯ ಕೆಳಗೆ, ಹಿಂದಕ್ಕೆ, ಒಂದರ ಮೇಲೊಂದು ಮಡಚಿ ಕೂತಿದ್ದವು. ಮಧ್ಯದಲ್ಲಿದ್ದ ಪೆಡಲನ್ನು ಯಾರೂ ಒತ್ತುತ್ತಿರಲಿಲ್ಲ.

ನನಗೆ ಕಪಾಳಕ್ಕೆ ಬಾರಿಸಿದಂತಾಯಿತು. ಇಬ್ಬರು ಕೂಡಿ ಬಾರಿಸುವಾಗ ಪೆಡಲ್ ಎಡಗಡೆಯವರದು. ಬೆರಳು ಎತ್ತಿದ ಮೇಲೂ ಸ್ವರವನ್ನು ಹಿಡಿದಿಡುವುದು ಅದೇ. ನಾನು ಕೂತರೆ ಕಾಲು ತಾನಾಗಿ ಅದರ ಮೇಲೆ ಹೋಗುತ್ತದೆ, ಹಾಗಾಗಿ ನನಗೆ ಎಲ್ಲ ಸರಿಯಾಗಿ ಕೇಳುತ್ತಿತ್ತು. ಆಕೆಯ ಕಾಲು ಈ ಜನ್ಮದಲ್ಲಿ ಒಮ್ಮೆಯೂ ಅಲ್ಲಿಗೆ ಹೋಗಿರಲಿಲ್ಲ.

ಹೇಳುವ ಮೊದಲು ಖಾತ್ರಿ ಮಾಡಿಕೊಳ್ಳೋಣವೆಂದು ಕೈಯಿಂದಲೇ ಪೆಡಲ್ ಒತ್ತಿದೆ. ಸ್ವರ ನಿಂತಿತು. ಎತ್ತಿ ಮತ್ತೆ ಒತ್ತಿದೆ. ಇನ್ನೊಂದು ಸ್ವರ ಅದರ ಮೇಲೆ ಮೆಲ್ಲಗೆ ಬಂದು ಕೂತಿತು. ಮೇಲಿನ ಬೆರಳುಗಳು ಒಂದು ಕ್ಷಣ ತಡೆದು, ಮತ್ತೆ ಹೊರಟವು. ಆಮೇಲೆ ಆಕೆಯ ದನಿ ಕೇಳಿತು, ನನಗಲ್ಲ.

"ಬಂದ್ಯಾ ಅಕ್ಕಾ."

ಕೈ ತೆಗೆಯಲು ಧೈರ್ಯ ಬರಲಿಲ್ಲ. ತೆಗೆದರೆ ಅಕ್ಕ ಇನ್ನೊಂದು ಸಲ ಸಾಯುತ್ತಿದ್ದರು, ಅದೂ ನನ್ನ ಕೈಯಿಂದ. ಆ ಧೂಳಿನಲ್ಲಿ ಮಂಡಿಯೂರಿ, ಸತ್ತವರ ಕಾಲಾಗಿ, ಹಾಡು ಮುಗಿಯುವವರೆಗೂ ಒತ್ತುತ್ತಲೇ ಇದ್ದೆ. ನಡುನಡುವೆ ಮೇಲೆ ಅಳುವೋ ನಗುವೋ ಗೊತ್ತಾಗದ ಸದ್ದು ಕೇಳುತ್ತಿತ್ತು.

ಹೊರಗೆ ಬಂದು, "ಅಮ್ಮಾ, ಒತ್ತಿದ್ದು ನಾನು" ಎಂದೆ. ಪೆಡಲ್ ತೋರಿಸಿದೆ.

ಆಕೆ ಬಗ್ಗಿ ಅದನ್ನು ನೋಡಿದಳು. "ಅದು ಅಕ್ಕನದು. ಚಿಕ್ಕವಳಿದ್ದಾಗ ನನಗೆ ಕಾಲು ಎಟುಕ್ತಾ ಇರ್ಲಿಲ್ಲ," ಎಂದಳು. "ಇಷ್ಟು ವರ್ಷ ಸ್ವರ ನಿಲ್ಲಿಸ್ತಾ ಇದ್ದಿದ್ದು ನನ್ನ ಬೆರಳೇ ಅಂದ್ಕೊಂಡಿದ್ದೆ. ನನ್ನದನ್ನೂ ಅವಳೇ ಹಿಡ್ಕೊಂಡಿದ್ಲು."

"ಸ್ವಲ್ಪ ಎಡಕ್ಕೆ ಸರಿದು ಕೂತ್ಕೊಳ್ಳಿ. ಕಾಲು ಸಿಗುತ್ತೆ. ಅಷ್ಟೇ ಅಮ್ಮ, ಬೇರೇನೂ ತೊಂದರೆ ಇಲ್ಲ."

"ನಾನು ಅಲ್ಲಿ ಕೂತ್ರೆ ಇಲ್ಲಿ ಯಾರು ಕೂರ್ತಾರೆ?"

ನನ್ನ ಫೋನಿನಲ್ಲಿ ಅದಕ್ಕೆ ಯಾವ ಗುಂಡಿಯೂ ಇರಲಿಲ್ಲ. ಚೀಲ ಕಟ್ಟಿಕೊಂಡು, ಪಿಯಾನೊ ವಾಪಸ್ ಒಯ್ಯಲು ಗಾಡಿ ಕಳಿಸಲೇ ಎಂದು ಕೇಳಿದೆ. ಬಾಗಿಲ ಬಳಿ ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳುವಾಗ ಹಿಂದೆ ಬೆಂಚು ಕಿರುಗುಟ್ಟಿತು.

ಎಡಗಡೆಯ ತಗ್ಗು ಸ್ವರಗಳು ಕೇಳಿದವು, ಗಟ್ಟಿಯಾಗಿ, ದಪ್ಪಗೆ. ಪೆಡಲ್ ಮೊದಲು ತಡವರಿಸಿತು, ಆಮೇಲೆ ಹದಕ್ಕೆ ಬಂತು. ತಿರುಗಿ ನೋಡಿದೆ. ಆಕೆ ಎಡಗಡೆಯ ಕುಳಿಯಲ್ಲಿ ಕೂತಿದ್ದಳು. ಅಕ್ಕನ ಕನ್ನಡಕ ಆಕೆಯ ಮೂಗಿನ ಮೇಲಿತ್ತು. ಬಾರಿಸುತ್ತಿದ್ದುದು ಅಕ್ಕನ ಪಾಲು ಮಾತ್ರ. ಬಲಗಡೆಯ, ತಂಗಿಯ ಪಾಲು ಬರಬೇಕಾದ ಕಡೆಯೆಲ್ಲ ಬರಿದಾಗಿತ್ತು, ಅಲ್ಲೆಲ್ಲ ಆಕೆ ತಲೆ ವಾಲಿಸಿ ಕಾಯುತ್ತಿದ್ದಳು. ಕಾಯುತ್ತ ಕಾಯುತ್ತ, ಬೆಂಚಿನ ಖಾಲಿ ಅರ್ಧದ ಕಡೆಗೆ ತಿರುಗಿ, ನಾನು ಅದುವರೆಗೆ ಕೇಳದಿದ್ದ ಒಂದು ದಪ್ಪ ದನಿಯಲ್ಲಿ ಹೇಳಿದಳು.

"ನಿಧಾನ, ಪುಟ್ಟಿ."

ಬಲಗಡೆಯ ಕೀಗಳನ್ನು ಅಷ್ಟು ಹಗುರ ಮಾಡಿಟ್ಟವನು ನಾನೇ. ಅವು ಇನ್ನೂ ಅಲುಗಿರಲಿಲ್ಲ. ಅಲುಗುತ್ತವೋ ಇಲ್ಲವೋ ನೋಡಲು ನಿಲ್ಲದೆ, ಬಾಗಿಲೆಳೆದುಕೊಂಡು ಮೆಟ್ಟಿಲಿಳಿದೆ.